ಮಣ್ಣು ಸಮೇತ ವಾಪಸು ಕಳಿಸಿ

ವಿಟ್ಬಿ
ಫೆಬ್ರವರಿ 19, 1986

ಮೇವಿಸ್,

ಮನೆ ಸೇರಿದೆ. ಯಾರ್ಕ್‌ನಲ್ಲಿ ಹಿಮದ ದೆಸೆಯಿಂದ ರೈಲು ನಿಂತದ್ದು ನಿಂತೇ ಇತ್ತು. ಎದುರಿಗೆ ಕೂತ ಹೆಂಗಸು ದಾರಿಯುದ್ದಕ್ಕೂ ತನ್ನ ಸೊಂಟದ ಆಪರೇಷನ್ನಿನ ಕಥೆ ಹೇಳಿದಳು. ಸತ್ತವರ ಮನೆಯಿಂದ ಬರುತ್ತಿದ್ದೇನೆ ಎಂದರೂ ಬಿಡಲಿಲ್ಲ. ಇಲ್ಲಿ ನಲ್ಲಿಯ ನೀರೆಲ್ಲ ಹೆಪ್ಪುಗಟ್ಟಿದೆ. ಪಕ್ಕದ ಮನೆಯಿಂದ ಬಕೆಟ್ ತಂದು ಚಹಾ ಮಾಡಿಕೊಂಡು ಇದನ್ನು ಬರೆಯುತ್ತಿದ್ದೇನೆ.

ನಿನ್ನ ಅಡುಗೆಮನೆಯಲ್ಲಿ ನಾವು ಆಡಿದ ಮಾತು ಇಬ್ಬರಿಗೂ ಶೋಭೆ ತರುವಂಥದ್ದಲ್ಲ. ಕೊನೆಗಾದರೂ ನೀನು ಒಪ್ಪಿದೆಯಲ್ಲ, ಅಷ್ಟು ಸಾಕು. ವಿಲ್ಫ್ ನಿನ್ನ ಗಂಡ, ನಿಜ. ಆದರೆ ಅದಕ್ಕೂ ಮೊದಲು ನನ್ನ ತಮ್ಮ. ಅಪ್ಪ ಅಮ್ಮನ ಸಮಾಧಿಯಲ್ಲಿ ಅವನಿಗೆಂದೇ ಜಾಗ ಬಿಟ್ಟಿದೆ. ಹದಿನೇಳಕ್ಕೆ ಮನೆ ಬಿಟ್ಟ ಹುಡುಗ, ಈಗಲಾದರೂ ಬರಲಿ. ಕರೆತರುತ್ತೇನೆ ಎಂದು ಅಮ್ಮ ಸಾಯುವಾಗ ನಾನು ಮಾತು ಕೊಟ್ಟಿದ್ದೆ. ಪಾದ್ರಿಯನ್ನು ಕಂಡು ಬಂದೆ: ಏಪ್ರಿಲ್ 5, ಶನಿವಾರ ಬೆಳಿಗ್ಗೆ. ಕಲ್ಲು ಕೆತ್ತುವವನಿಗೂ ಹೇಳಾಯಿತು. ಅಲ್ಲಿಯವರೆಗೆ ಅವನು ನಿನ್ನ ಹತ್ತಿರವೇ ಇರಲಿ ಅಂದೆಯಲ್ಲ, ಇರಲಿ. ನಾನೇನು ಕಟುಕಿಯಲ್ಲ.

ಒಂದು ವಿಷಯ ಹೇಳುವುದಿದೆ. ಬೆಳಿಗ್ಗೆ ಟ್ಯಾಕ್ಸಿ ಬಂದಾಗ ನಿನಗೆ ಒಳ್ಳೆಯ ನಿದ್ದೆ, ಎಬ್ಬಿಸಲಿಲ್ಲ. ಚಿತಾಗಾರದವರು ಅವನ ಬೂದಿ ತುಂಬಿ ಕೊಟ್ಟ ಆ ಕಂದು ಪ್ಲಾಸ್ಟಿಕ್ ಜಾಡಿಯನ್ನು ನೋಡಿದರೆ ಮೈ ನಡುಗುತ್ತದೆ ಎಂದು ನೀನೇ ಅದನ್ನು ತೋಟದ ಶೆಡ್ಡಿಗೆ ಸಾಗಿಸಿದ್ದೆ. ಹೊರಡುವ ಮುಂಚೆ ಅವನಿಗೊಂದು ಮಾತು ಹೇಳಿ ಬರೋಣವೆಂದು ಅಲ್ಲಿಗೆ ಹೋದೆ. ಉಪ್ಪಿನಕಾಯಿ ಜಾಡಿಯ ಹಾಗಿತ್ತು ಅದು. ಅವನನ್ನು ಅದರಲ್ಲಿ ಬಿಡಲು ಮನಸ್ಸು ಬರಲಿಲ್ಲ. ಹಲಗೆಯ ಮೇಲೆ ನೋಡುತ್ತೇನೆ, ನಮ್ಮಮ್ಮನ ಹಸಿರು ಬಣ್ಣದ ಚಹಾ ಡಬ್ಬಿ! ಅವನು ಮನೆ ಬಿಡುವಾಗ ಅದನ್ನು ಎತ್ತಿಕೊಂಡು ಹೋಗಿದ್ದನೆಂದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಒಳಗೆ ಏನೋ ನಾರುವ ಪುಡಿ ಇತ್ತು. ಅದನ್ನು ಗುಲಾಬಿ ಬುಡಕ್ಕೆ ಸುರಿದು, ಡಬ್ಬಿ ಒರೆಸಿ, ವಿಲ್ಫ್‌ನನ್ನು ಅದರೊಳಗೆ ಹಾಕಿ, ಇದ್ದಲ್ಲೇ ಇಟ್ಟು ಬಂದಿದ್ದೇನೆ. ಬರುವಾಗ ಹಾಗೇ ಡಬ್ಬಿ ಸಮೇತ ತಾ.

ಹೆಸ್ಟರ್ ಗಾರ್ಬಟ್


ಎಲ್ಮ್‌ಕೂಮ್, ಗ್ಲಾಸ್ಟರ್‌ಶೈರ್
ಫೆಬ್ರವರಿ 22, 1986

ಹೆಸ್ಟರ್ ಅವರಿಗೆ,

ಸುಖವಾಗಿ ಊರು ಸೇರಿದಿರೆಂದು ನಂಬಿದ್ದೇನೆ. ಸೇರಿದ ಸುದ್ದಿ ಬಂದಿಲ್ಲ. ಹಿಮ ಬಿದ್ದಾಗಿನಿಂದ ಅಂಚೆಯವನು ಈ ಕಡೆ ತಲೆ ಹಾಕಿಲ್ಲ. ನಿಮ್ಮ ಮನೆಯಲ್ಲಿ ಒಂದು ಫೋನ್ ಇದ್ದಿದ್ದರೆ! ವಿಲ್ಫ್ ಅವರ ಗೆಳೆಯ ಮೇಜರ್ ಟಾಲಂಡ್ ಹಜಾರದಲ್ಲಿ ಕೂತು ಚಹಾ ಕುಡಿಯುತ್ತಿದ್ದಾರೆ. ಅವರು ಎದ್ದು ಹೊರಡುವುದರೊಳಗೆ ಇದನ್ನು ಮುಗಿಸಿ ಅವರ ಕೈಗೆ ಕೊಡಬೇಕು, ಪೇಟೆಯಲ್ಲಿ ಅಂಚೆಗೆ ಹಾಕುತ್ತಾರಂತೆ.

ಇವತ್ತು ಸ್ನೋಡ್ರಾಪ್ ಊಟ ಇಟ್ಟುಕೊಂಡಿದ್ದೆ. ಹಿಮದಲ್ಲೇ ಅರಳುವ ಆ ಪುಟ್ಟ ಬಿಳಿ ಹೂ ನೋಡಲೆಂದು ಪ್ರತಿ ಫೆಬ್ರವರಿಯಲ್ಲೂ ವಿಲ್ಫ್ ಇಡುತ್ತಿದ್ದರಲ್ಲ, ಅದೇ. ಈ ಸಲ ಬೇಡವೆಂದಿದ್ದೆ. ಆದರೆ ಅವರ ಗೆಳೆಯರು ಒಬ್ಬೊಬ್ಬರಾಗಿ ಫೋನ್ ಮಾಡಿ, ಕೇಳಲೂ ಆಗದೆ ಬಿಡಲೂ ಆಗದೆ ತಡವರಿಸುವುದನ್ನು ಕೇಳಿ ಮನಸ್ಸು ತಡೆಯಲಿಲ್ಲ. ರಸ್ತೆ ಮುಚ್ಚಿದ್ದರೂ ಬಂದರು. ಈ ಹುಚ್ಚರಿಗೆ ಹಿಮ ಒಂದು ಲೆಕ್ಕವೇ? ಬಂದವರೇ ಕೋಟು ಸಮೇತ ಮೊಣಕಾಲೂರಿ ಕೂತು, ಒಂದೊಂದು ಹೂವಿನ ಗದ್ದ ಹಿಡಿದೆತ್ತಿ ಒಳಗಿನ ಹಸಿರು ಗುರುತು ನೋಡುತ್ತಾ ಸೂಪ್ ಆರುವ ತನಕ ಏಳಲಿಲ್ಲ.

ಎಲ್ಲರಿಗೂ ಬೇಕಾಗಿದ್ದದ್ದು ಒಂದೇ ಒಂದು, ಹೆಸ್ಟರ್. ಕಲ್ಲಿದ್ದಲು ಗೂಡಿನ ಪಕ್ಕದಲ್ಲಿ ತಾನಾಗಿ ಹುಟ್ಟಿತ್ತಲ್ಲ, ಒಳ ಎಸಳಿನ ಮೇಲೆ ಮಸಿ ಚಿಮ್ಮಿದಂತೆ ಒಂದೇ ಚುಕ್ಕೆ ಇರುವುದು, ಅದು. ಅಂಥದ್ದು ಬೇರೆಲ್ಲೂ ಇಲ್ಲವಂತೆ. ವಿಲ್ಫ್ ಅದಕ್ಕೆ ಹೆಸರೂ ಇಡಲಿಲ್ಲ. ಎಲ್ಲರೂ “ವಿಲ್ಫ್‌ದು” ಎಂದೇ ಕರೆಯುತ್ತಾರೆ. ಅಪರೂಪದ ಗಿಡವನ್ನು ಒಬ್ಬರೇ ಇಟ್ಟುಕೊಂಡರೆ ಒಂದು ಚಳಿಗೋ ಒಂದು ಇಲಿಗೋ ಹೋಗಿಬಿಡುತ್ತದೆ, ಅದಕ್ಕೆ ಹಂಚಿಡಬೇಕು ಎನ್ನುವುದು ಇವರ ನೇಮ. ನಮ್ಮದು ಸತ್ತ ದಿನ ಹಿಂದಕ್ಕೆ ಕೇಳಿದರೆ, ಯಾಕೆ ಏನು ಎನ್ನದೆ ಕೊಡಬೇಕು. “ಗುಂಪು ದಪ್ಪ ಆಗ್ಲಿ ತಡೀರಿ, ಎಲ್ರಿಗೂ ಕೊಡ್ತೀನಿ” ಎಂದು ಅವರು ವರ್ಷವರ್ಷ ಹೇಳುತ್ತಲೇ ಬಂದರು. ಹಾಗಾಗಿ ನಾನೇ ಕೊಟ್ಟುಬಿಟ್ಟೆ.

ನಗಬೇಡಿ, ನಾನೇ ಬಿಡಿಸಿದೆ. ಅವರಿದ್ದಷ್ಟು ದಿನ ಒಂದು ಗೆಡ್ಡೆ ಮುಟ್ಟಲು ಬಿಟ್ಟವರಲ್ಲ. “ಮೇವಿಸ್, ನೀನು ಸೂಪ್ ನೋಡ್ಕೋ, ಇದು ನನಗಿರ್ಲಿ.” ಆದರೆ ಅಡುಗೆಮನೆಯ ಕಿಟಕಿಯಿಂದ ಎಷ್ಟು ವರ್ಷ ನೋಡಿದ್ದೇನೆ! ಗಿಡ ಗಾಜಿನ ಮುಚ್ಚಳದ ಕೆಳಗಿತ್ತು, ಅಲ್ಲಿ ಮಣ್ಣು ಹೆಪ್ಪುಗಟ್ಟಿರಲಿಲ್ಲ. ಎಲೆ ಹಸಿರಾಗಿರುವಾಗಲೇ ಎಬ್ಬಿಸಬೇಕು, ಅದು ಗೊತ್ತಿತ್ತು. ಬೇರು ಶಾವಿಗೆಯ ಹಾಗೆ ಒಂದಕ್ಕೊಂದು ಸಿಕ್ಕಿಕೊಂಡಿತ್ತು. ಎಳೆಯದೆ, ಅಲ್ಲಾಡಿಸಿ ಅಲ್ಲಾಡಿಸಿ ಬಿಡಿಸಿದೆ. ಇಪ್ಪತ್ತು ಕುಂಡವಾಯಿತು. ಪ್ರತಿ ಕುಂಡದ ಅಡಿಗೆ ಅವರು ಹಾಕುತ್ತಿದ್ದ ಹಾಗೇ ಹಸಿರು ಡಬ್ಬಿಯಿಂದ ಗೊಬ್ಬರಕ್ಕೆ ಮೂಳೆ ಪುಡಿ ಹಾಕಿದೆ. ಹಿಡಿ ತುಂಬಾ ಹಾಕಿದೆ. ಹೋದವರ ಹೆಸರಿನಲ್ಲಿ ಕೊಡುವಾಗ ಕೈ ಬಿಗಿ ಹಿಡಿಯಬಾರದು ಎನ್ನಿಸಿತು. ಕೊನೆಯ ಕುಂಡಕ್ಕೆ ಡಬ್ಬಿಯನ್ನೇ ಬೋರಲು ಮಾಡಿ ತಟ್ಟಿದೆ. ಆಮೇಲೆ ಬಿಸಿನೀರಲ್ಲಿ ತೊಳೆದು ಒಲೆಯ ಮೇಲೆ ಒಣಗಲಿಟ್ಟಿದ್ದೇನೆ.

ಒಂದು ಕುಂಡ ನನಗಿಟ್ಟುಕೊಂಡು ಉಳಿದದ್ದೆಲ್ಲ ಕೊಟ್ಟೆ. ಮಿಸ್ ಪ್ರಿಡೋ, ಆ ನಿವೃತ್ತ ಟೀಚರ್, ಕುಂಡವನ್ನು ಎದೆಗವಚಿಕೊಂಡು, “ವಿಲ್ಫ್ ಇಲ್ಲೇ ಇದಾರೆ ಅನ್ಸುತ್ತೆ ಮೇವಿಸ್” ಎಂದು ಅತ್ತರು. ನನಗೂ ಹಾಗೇ ಅನ್ನಿಸಿತು.

ಏಪ್ರಿಲ್‌ಗೆ ಅವರನ್ನು ಕರೆದುಕೊಂಡು ಬರುತ್ತೇನೆ. ನನಗೆ ಇಷ್ಟವಿಲ್ಲವೆಂದು ನಿಮಗೆ ಗೊತ್ತು. ಆದರೂ ಆಡಿದ ಮಾತಿಗೆ ತಪ್ಪುವುದಿಲ್ಲ.

ಮೇವಿಸ್


ಎಲ್ಮ್‌ಕೂಮ್
ಫೆಬ್ರವರಿ 27, 1986

ಹೆಸ್ಟರ್,

ನಿಮ್ಮ ಹತ್ತೊಂಬತ್ತನೇ ತಾರೀಖಿನ ಪತ್ರ ಈಗ ಬಂತು.

ಶೆಡ್ಡಿಗೆ ಓಡಿದೆ. ಪ್ಲಾಸ್ಟಿಕ್ ಜಾಡಿ ಮೂಲೆಯಲ್ಲಿದೆ. ಎತ್ತಿ ಅಲ್ಲಾಡಿಸಿದೆ. ಮುಚ್ಚಳ ತೆಗೆದೆ. ಮತ್ತೆ ಮುಚ್ಚಿ, ಮತ್ತೆ ತೆಗೆದು ನೋಡಿದೆ. ಯಾಕೆ ಹಾಗೆ ಮಾಡಿದೆನೋ. ಗುಲಾಬಿ ಬುಡದಲ್ಲಿ ಹಿಮ ಕೆದಕಿದೆ, ನೀವು ಸುರಿದ ಪುಡಿ ಅಲ್ಲೇ ಬಿದ್ದಿದೆ.

ನನ್ನ ಹಿಂದಿನ ಪತ್ರ ನಿಮ್ಮ ಕೈ ಸೇರಿದೆಯೇ? ಸೇರದಿದ್ದರೆ ಒಡೆಯಬೇಡಿ. ಸೇರಿದ್ದರೆ ನಿಮಗಾಗಲೇ ಗೊತ್ತಾಗಿರುತ್ತದೆ.

ಡಬ್ಬಿ ಒಲೆಯ ಮೇಲಿದೆ. ಥಳಥಳ ಹೊಳೆಯುತ್ತಿದೆ. ನಾನು ಅದನ್ನು ಸೋಡಾ ಹಾಕಿ ಉಜ್ಜಿದ್ದೆ, ಹೆಸ್ಟರ್. ತೊಳೆದ ನೀರು ಮೋರಿಗೆ ಹೋಯಿತು.

ಏನು ಮಾಡಲಿ? ಹೇಳಿ.

ಮೇವಿಸ್


ವಿಟ್ಬಿ
ಮಾರ್ಚ್ 3, 1986

ಮೇವಿಸ್,

ನಿನ್ನ ಎರಡೂ ಪತ್ರ ಒಂದೇ ದಿನ ಬಂದವು. ಊಟದ ಪತ್ರವನ್ನು ಮೊದಲು ಒಡೆದೆ. “ಹಿಡಿ ತುಂಬಾ ಹಾಕಿದೆ” ಎನ್ನುವಲ್ಲಿಗೆ ಬಂದಾಗ ಕನ್ನಡಕ ತೆಗೆದಿಟ್ಟೆ. ಆಮೇಲೆ ಪಕ್ಕದ ಮನೆಯವಳು ಬಂದು ನನ್ನ ಕೈಯನ್ನು ಉಜ್ಜುತ್ತಾ, “ಹೆಸ್ಟರ್, ಬಾಯಿ ಬಿಡು, ಒಂದು ಗುಟುಕು ಬ್ರಾಂದಿ ಕುಡಿ” ಎನ್ನುತ್ತಿದ್ದದ್ದಷ್ಟೇ ನೆನಪು.

ಅರವತ್ತೆಂಟು ವರ್ಷ ಬದುಕಿದ್ದೇನೆ. ಕಡಲು ಮನುಷ್ಯರನ್ನು ನುಂಗಿದ್ದು ನೋಡಿದ್ದೇನೆ. ಒಬ್ಬ ಮನುಷ್ಯನನ್ನು ಹಿಡಿ ಹಿಡಿಯಾಗಿ ಕುಂಡಕ್ಕೆ ಹಾಕಿ, ಸೂಪ್ ಕುಡಿಸಿ, ನೆಂಟರಿಗೆ ಮದುವೆ ಕೇಕ್ ಕೊಟ್ಟ ಹಾಗೆ ಹಂಚಿದ್ದನ್ನು ಕೇಳಿರಲಿಲ್ಲ.

ಒಂದೇ ಪ್ರಶ್ನೆ. ಆ ಮೂಳೆ ಪುಡಿ ಗಬ್ಬು ನಾರುತ್ತಿತ್ತು. ನಾನು ಮುಚ್ಚಳ ತೆಗೆದಾಗ ಮೂಗು ಮುಚ್ಚಿಕೊಂಡೆ. ಬೂದಿಗೆ ವಾಸನೆ ಇರುವುದಿಲ್ಲ. ಇಪ್ಪತ್ತು ಸಲ ಕೈ ಹಾಕಿದೆಯಲ್ಲ, ಒಂದು ಸಲವೂ ನಿನಗೆ ಅನುಮಾನ ಬರಲಿಲ್ಲವೇ? ಅವನು ತೋಟದಲ್ಲೇ ಇರಬೇಕೆಂದು ಅಡುಗೆಮನೆಯ ಮೇಜು ಕುಟ್ಟಿ ಹೇಳಿದವಳು ನೀನು. ಈಗ ನೋಡು, ತೋಟಕ್ಕೇ ಹೋದ.

ಕಲ್ಲಿನಲ್ಲಿ ಅವನ ಹೆಸರು ಕೆತ್ತಿ ಆಗಿದೆ. ನಿನ್ನೆ ಹೋಗಿ ಮುಟ್ಟಿ ಬಂದೆ. ಅದರ ಕೆಳಗೆ ನಾನು ಏನಿಡಲಿ? ಅಮ್ಮನಿಗೆ ಏನೆನ್ನಲಿ?

ಆ ಕುಂಡಗಳೆಲ್ಲ ನನಗೆ ಬೇಕು. ಒಂದು ಚೂರು ಮಣ್ಣೂ ಬಿಡದೆ ಬೇಕು. ಏಪ್ರಿಲ್ ಐದನೇ ತಾರೀಖು ಬದಲಾಗುವುದಿಲ್ಲ. ನೀನು ಮಾತ್ರ ಅವತ್ತು ಬರಬೇಡ.

ಹೆಸ್ಟರ್ ಗಾರ್ಬಟ್


ಎಲ್ಮ್‌ಕೂಮ್
ಮಾರ್ಚ್ 6, 1986

ಪ್ರಿಯ ಗೆಳೆಯರೇ,

ಮೊನ್ನೆ ಊಟದ ದಿನ ನಾನು ನಿಮಗೆ ಕೊಟ್ಟ ವಿಲ್ಫ್ ಅವರ ಸ್ನೋಡ್ರಾಪ್ ನನಗೆ ಹಿಂದಕ್ಕೆ ಬೇಕಾಗಿದೆ. ಕೊಟ್ಟದ್ದನ್ನು ಕೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಕೇಳುತ್ತಿದ್ದೇನೆ. ಗಿಡವನ್ನು ಕುಂಡದಿಂದ ತೆಗೆಯಬೇಡಿ. ನೆಲಕ್ಕೆ ನೆಟ್ಟಿದ್ದರೆ ಸುತ್ತಲಿನದನ್ನೂ ಸೇರಿಸಿ ಅಗೆಯಿರಿ. ದಯವಿಟ್ಟು ಮಣ್ಣು ಸಮೇತ ವಾಪಸು ಕಳಿಸಿ, ಒಂದು ಚಿಟಿಕೆಯೂ ಚೆಲ್ಲದಂತೆ. ಆ ಮಣ್ಣನ್ನು ಬೇರೆ ಯಾವುದಕ್ಕೂ ಬೆರೆಸಬೇಡಿ, ಮುಟ್ಟಿದರೆ ಕೈ ಕುಂಡದ ಮೇಲೆಯೇ ಕೊಡವಿ.

ಕಾರಣ ಕೇಳಬಾರದೆನ್ನುವುದು ನಿಮ್ಮದೇ ನೇಮ. ಅದಕ್ಕೆ ನಾನು ಋಣಿ.

ಮೇವಿಸ್ ಗಾರ್ಬಟ್


ಟಾಲಂಡ್ ಹೌಸ್
ಮಾರ್ಚ್ 11, 1986

ಪ್ರಿಯ ಮೇವಿಸ್,

ನಿಮ್ಮ ಸುತ್ತೋಲೆ ತಲುಪಿತು. ನೀವು ಸಂಕೋಚದಿಂದ ಬಾಯಿಬಿಟ್ಟು ಬರೆದಿಲ್ಲ, ಆದರೆ ನನ್ನಂಥವನಿಗೆ ಬಿಡಿಸಿ ಹೇಳಬೇಕೇ? “ಮಣ್ಣು ಸಮೇತ”, “ಬೇರೆಯದಕ್ಕೆ ಬೆರೆಸಬೇಡಿ” ಎಂದರೆ ಒಂದೇ ಅರ್ಥ. ಗೆಡ್ಡೆ ಹುಳು! ಕಣ್ಣಿಗೆ ಕಾಣದ ಆ ಪೀಡೆ ಒಂದು ವರ್ಷ ನನ್ನ ತೋಟವನ್ನೇ ತಿಂದು ಹಾಕಿತ್ತು.

ಅಂಚೆಯಲ್ಲಿ ಕಳಿಸಿ ಊರೂರಿಗೆ ಹಬ್ಬಿಸುವ ಕೆಲಸ ನಾನು ಮಾಡಲಿಲ್ಲ. ಕೂಡಲೇ ಕುಂಡ, ಗಿಡ, ಮಣ್ಣು ಎಲ್ಲಕ್ಕೂ ಪೆಟ್ರೋಲ್ ಸುರಿದು ಬೆಂಕಿ ಇಟ್ಟೆ. ನಾನೇ ನಿಂತು ಪೂರ್ತಿ ಸುಡಿಸಿದೆ. ಉಳಿದದ್ದಕ್ಕೆ ಹುಳು ಕೊಲ್ಲುವ ಫಾರ್ಮಲಿನ್ ಹಾಕಿ, ಹಳೆಯ ಬಾವಿಗೆ ತಳ್ಳಿ, ಮೇಲೆ ಕಾಂಕ್ರೀಟ್ ಹಾಕಿಸಿದ್ದೇನೆ. ನಿಶ್ಚಿಂತೆಯಿಂದಿರಿ, ಅಲ್ಲಿಂದ ಇನ್ನು ಏನೂ ಮೇಲೇಳುವುದಿಲ್ಲ. ಫೋನ್ ಸಿಕ್ಕವರಿಗೆಲ್ಲ ವಿಷಯ ತಿಳಿಸಿದ್ದೇನೆ. ನಾರ್‌ಫೋಕ್‌ನ ದಂಪತಿ ಗೆಡ್ಡೆಗಳನ್ನು ಬಿಸಿನೀರಲ್ಲಿ ಅದ್ದಿ, ಮಣ್ಣನ್ನು ಒಲೆಯಲ್ಲಿಟ್ಟು ಬೇಯಿಸುತ್ತಿದ್ದಾರಂತೆ.

ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಗೆಳೆಯರ ನಡುವೆ ಗುಟ್ಟಾಗಿಯೇ ಉಳಿಯುತ್ತದೆ. ವಿಲ್ಫ್ ಇದ್ದಿದ್ದರೆ ತಾನೇ ಮುಂದೆ ನಿಂತು ಕಡ್ಡಿ ಗೀರುತ್ತಿದ್ದ.

ನಿಮ್ಮ ವಿಶ್ವಾಸಿ,
ಆರ್ಥರ್ ಟಾಲಂಡ್


ಎಲ್ಮ್‌ಕೂಮ್
ಮಾರ್ಚ್ 14, 1986

ಹೆಸ್ಟರ್ ಅವರಿಗೆ,

ಮೇಜರ್ ಅವರ ಪತ್ರವನ್ನು ಇದರ ಜೊತೆಗೇ ಇಟ್ಟಿದ್ದೇನೆ. ಕೂತುಕೊಂಡು ಓದಿ, ಪಕ್ಕದಲ್ಲಿ ಯಾರನ್ನಾದರೂ ಇಟ್ಟುಕೊಂಡು ಓದಿ. ನಾನು ನಿಂತೇ ಓದಿದೆ. ಓದಿ ಮುಗಿಸಿದಾಗ ಒಂದು ಶಬ್ದ ಕೇಳಿಸಿತು, ಯಾರೋ ಕೇಕೆ ಹಾಕಿದಂತೆ. ನಾನೇ ನಗುತ್ತಿದ್ದೆ. ಎರಡು ಸಲ ಸುಡಿಸಿಕೊಂಡರಲ್ಲ ನನ್ನ ಗಂಡ, ಎರಡನೇ ಸಲ ಪೆಟ್ರೋಲ್ ಹಾಕಿಸಿಕೊಂಡು! ನಗು ನಿಲ್ಲಲಿಲ್ಲ. ಆಮೇಲೆ ನನ್ನ ಬಗ್ಗೆ ನನಗೇ ಹೇಸಿಗೆಯಾಗಿ ನೆಲದ ಮೇಲೆ ಕೂತುಬಿಟ್ಟೆ.

ಎಲ್ಲರಿಗೂ ಫೋನ್ ಮಾಡಿ ನಿಜ ಹೇಳಿದೆ. ಪ್ರತಿಯೊಬ್ಬರಿಗೂ ಅದೇ ಮಾತನ್ನು ಮೊದಲಿನಿಂದ ಹೇಳಬೇಕಾಯಿತು. ಒಬ್ಬೊಬ್ಬರ ಕಡೆಯಿಂದಲೂ “ಮೂಳೆ ಪುಡಿ ಅಂದ್ರಾ?” ಎನ್ನುವ ಅದೇ ಪ್ರಶ್ನೆ. ನಾರ್‌ಫೋಕ್‌ನಾಕೆ ಫೋನ್ ಕೈಬಿಟ್ಟರು. ಆಕೆಯ ಗಂಡ ಎತ್ತಿಕೊಂಡು, “ಮಣ್ಣು ಒಲೆಯಲ್ಲೇ ಇದೆ ಮೇವಿಸ್. ಏನ್ ಮಾಡ್ಲಿ, ಆರಿಸ್ಲಾ?” ಎಂದರು. ಮೇಜರ್ ಅಂದದ್ದು ಇಷ್ಟು: “ನಾನು ಅವತ್ತು ಬೆಂಕಿ ಮುಂದೆ ನಿಂತು ಪೈಪ್ ಸೇದಿದೆ ಕಣಮ್ಮ.” ಈಗ ಆ ಕಾಂಕ್ರೀಟಿನ ಮೇಲೆ ಟೋಪಿ ತೆಗೆದು ನಿಂತು ಬರುತ್ತಾರಂತೆ.

ನೀವು ಕೇಳಿದ ಪ್ರಶ್ನೆಗೆ ಉತ್ತರ. ಆ ಡಬ್ಬಿಯನ್ನು ಅವರು ಒಂದು ದಿನವೂ ನನ್ನ ಕೈಗೆ ಕೊಟ್ಟವರಲ್ಲ. ಅದು ನಾರುತ್ತದೋ ಘಮಘಮಿಸುತ್ತದೋ ಕಿಟಕಿಯ ಈಚೆ ನಿಂತವಳಿಗೆ ಹೇಗೆ ಗೊತ್ತಾಗಬೇಕು? ಪುಡಿ ನುಣುಪಾಗಿಲ್ಲ, ಚೂರುಚೂರಿದೆ ಎನ್ನಿಸಿತ್ತು. ಮೂಳೆ ಪುಡಿ ಎಂದರೆ ಮೂಳೆಯೇ ತಾನೇ ಎಂದುಕೊಂಡೆ.

ಅವರು ಇಲ್ಲೇ ಇರಲಿ ಎಂದು ನನಗೆ ಆಸೆಯಿತ್ತು. ಇಲ್ಲವೆನ್ನುವುದಿಲ್ಲ, ಈಗಲೂ ಇದೆ. ಆದರೆ ಕದಿಯುವವಳಾಗಿದ್ದರೆ ಇಟ್ಟುಕೊಳ್ಳುತ್ತಿದ್ದೆ, ಹೆಸ್ಟರ್. ನಾರ್‌ಫೋಕ್‌ಗೆ ಕಳಿಸುತ್ತಿದ್ದೆನೇ? ಅವರನ್ನು ಕಳೆದುಕೊಂಡದ್ದು ನೀವೊಬ್ಬರೇ ಎನ್ನುವ ಹಾಗೆ ಬರೆಯುತ್ತೀರಿ. ನಾನು ನನ್ನ ಈ ಎರಡು ಕೈಯಿಂದಲೇ ಕಳೆದೆ. ಈ ಕೈಯಲ್ಲಿ ಬ್ರೆಡ್ ಕತ್ತರಿಸಲೂ ನನಗಾಗುತ್ತಿಲ್ಲ.

ಎಲ್ಲರೂ ನಿಮ್ಮ ವಿಳಾಸಕ್ಕೇ ಕಳಿಸುತ್ತಾರೆ. ನನ್ನ ಕೈ ದಾಟಿ ಬರುವುದು ನಿಮಗೂ ಬೇಡ, ನನಗೂ ಬೇಡ. ನನ್ನದೊಂದು ಕುಂಡವನ್ನೂ ಕಳಿಸುತ್ತೇನೆ. ಡಬ್ಬಿ ತಟ್ಟಿ ಹಾಕಿದ್ದು ಅದಕ್ಕೇ, ಅದರಲ್ಲಿ ಅವರು ಜಾಸ್ತಿ ಇದ್ದಾರೆ.

ಮೇವಿಸ್


ಮಾಲ್ವರ್ನ್
ಮಾರ್ಚ್ 20, 1986

ಮಾನ್ಯ ಮಿಸ್ ಗಾರ್ಬಟ್ ಅವರಿಗೆ,

ನಮಗಿಬ್ಬರಿಗೂ ಪರಿಚಯವಿಲ್ಲ. ನನ್ನ ಕುಂಡವನ್ನು ಶೂ ಡಬ್ಬಿಯಲ್ಲಿಟ್ಟು, ಸುತ್ತ ಪಾಚಿ ತುಂಬಿ ಕಳಿಸುತ್ತಿದ್ದೇನೆ. ಒಂದು ಕಣವನ್ನೂ ಇಟ್ಟುಕೊಂಡಿಲ್ಲ. ಬಟ್ಟೆಯಿಂದ ಕಿಟಕಿಯ ಅಂಚನ್ನು ಒರೆಸಿದ್ದೆ, ಆ ಬಟ್ಟೆಯನ್ನೂ ಒಳಗಿಟ್ಟಿದ್ದೇನೆ.

ಮೇವಿಸ್ ಹೇಳಿದ್ದು ಕೇಳಿ ನಾನು ಆ ಕುಂಡ ಇದ್ದ ಕೋಣೆಗೆ ಎರಡು ದಿನ ಕಾಲಿಡಲಿಲ್ಲ. ಮೂರನೇ ದಿನ ಹೋಗಿ, ನೀರು ಹಾಕಿ, “ಕ್ಷಮಿಸಿ ವಿಲ್ಫ್, ಬಾಯಾರಿತ್ತಾ?” ಎಂದೆ. ನೀವು ನನ್ನನ್ನು ಹುಚ್ಚಿ ಅಂದುಕೊಳ್ಳಬಹುದು.

ಜೂನ್ ತಿಂಗಳಲ್ಲಿ ನಿದ್ದೆಹೋದ ಗೆಡ್ಡೆಯನ್ನು ಬ್ಲೇಡಿನಿಂದ ಕಿತ್ತಳೆ ತೊಳೆಯಂತೆ ಸೀಳಿ, ಒಂದೊಂದು ಸೀಳಿನಿಂದಲೂ ಹೊಸ ಗಿಡ ಎಬ್ಬಿಸುವುದನ್ನು ಅವರೇ ನನಗೆ ಕಲಿಸಿದವರು. ನಾನು ಬ್ಲೇಡ್ ಕೆಳಗಿಟ್ಟುಬಿಡುತ್ತಿದ್ದೆ. “ಹೆದರ್ಬೇಡಿ ಟೀಚರ್. ಬುಡದ ಚೂರೊಂದು ಅಂಟ್ಕೊಂಡಿದ್ರೆ ಸಾಕು, ಮಿಕ್ಕಿದ್ದು ಅದೇ ನೋಡ್ಕೊಳ್ಳುತ್ತೆ” ಎನ್ನುತ್ತಿದ್ದರು. ನಿಮ್ಮ ಊರಿನ ಮಾತೂ ಆಡುತ್ತಿದ್ದರು. ಬೆಟ್ಟದ ತುದಿಯ ಆ ಸ್ಮಶಾನದ ಗಾಳಿಗೆ ಸತ್ತವರಿಗೂ ಮಫ್ಲರ್ ಬೇಕು ಎಂದು ಹೇಳಿ ನಗಿಸುತ್ತಿದ್ದರು. ನಿಮ್ಮನ್ನು ನೋಯಿಸಲು ಹೇಳಿದ್ದಲ್ಲ. ಅವರ ದನಿ ಈಗ ನನಗಿರುವುದು ಇಷ್ಟೇ, ಅದನ್ನೂ ಸೇರಿಸಿ ಕಳಿಸೋಣವೆನ್ನಿಸಿತು.

ತಮ್ಮ ವಿಶ್ವಾಸಿ,
ಎಲಿನರ್ ಪ್ರಿಡೋ


ವಿಟ್ಬಿ
ಏಪ್ರಿಲ್ 6, 1986

ಮೇವಿಸ್,

ನಿನ್ನೆ ಮುಗಿಯಿತು. ಹೇಗಾಯಿತೆಂದು ನೀನು ಕೇಳುವ ಹಾಗೆ ನಾನು ಇಟ್ಟಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ.

ಮೂರು ವಾರ ನನ್ನ ಬಾಗಿಲಿಗೆ ಶೂ ಡಬ್ಬಿ, ಬಿಸ್ಕತ್ ಡಬ್ಬಿ, ಒಂದು ಟೋಪಿಯ ಪೆಟ್ಟಿಗೆ. “ಮಿಸ್ ಗಾರ್ಬಟ್, ಹೂವಿನಂಗಡಿ ಇಡ್ತಿದೀರಾ?” ಎಂದ ಅಂಚೆಯವನು. “ಇಲ್ಲಪ್ಪ, ನಮ್ಮ ತಮ್ಮ ಬರ್ತಿದಾನೆ” ಎಂದೆ. ಪ್ರತಿಯೊಂದರಲ್ಲೂ ಒಂದು ಚೀಟಿ. ಓದಬಾರದೆಂದೇ ಇದ್ದೆ, ಓದಿದೆ. ನಾರ್‌ಫೋಕ್‌ನವರ ಮಣ್ಣು ಒಲೆಯಲ್ಲಿ ಹುರಿದು ಇಟ್ಟಿಗೆಯಾಗಿ ಬಂತು, ಮೇಲೆ ಲೇಸಿನ ಬಟ್ಟೆ ಹೊದಿಸಿದ್ದರು. ಮಿಸ್ ಪ್ರಿಡೋ ಬರೆದ ಮಫ್ಲರ್ ಮಾತು ಓದಿ ನನಗೆ ಎಷ್ಟು ಸಿಟ್ಟು ಬಂತೆಂದರೆ ಕಾಗದವನ್ನು ಮುದ್ದೆ ಮಾಡಿ ಎಸೆದೆ. ಸುಳ್ಳಿ, ನಮ್ಮ ಹುಡುಗ ಹಾಗೆ ಅನ್ನುವವನಲ್ಲ ಎಂದುಕೊಂಡೆ. ಆದರೆ ಅನ್ನುವವನೇ. ಅಜ್ಜನನ್ನು ಹೂಳುವ ದಿನ ಗೋರಿಯ ಪಕ್ಕ ನಿಂತು ಅಂಥದ್ದೇ ಏನೋ ಅಂದು ಅಪ್ಪನ ಕೈಯಲ್ಲಿ ಏಟು ತಿಂದಿದ್ದ. ಕಾಗದ ಹೆಕ್ಕಿ ನೇರ ಮಾಡಿಟ್ಟೆ.

ಗಿಡ ನನಗೆ ಬೇಕಿರಲಿಲ್ಲ. ನನಗೆ ಅವನು ಬೇಕಿದ್ದ. ಬಟ್ಟೆ ಒಗೆಯುವ ತೊಟ್ಟಿಯನ್ನು ಅಡುಗೆಮನೆಗೆ ಎಳೆದು ತಂದು, ಒಂದೊಂದೇ ಕುಂಡ ಮಗುಚಿ, ಬೇರಿನ ಎಳೆ ಎಳೆಯನ್ನೂ ನೀರಲ್ಲಿ ಜಾಲಿಸಿದೆ. ಬೆರಳು ಮರಗಟ್ಟಿತು. ಅವನು ಯಾವುದು, ಮಣ್ಣು ಯಾವುದು? ಮೊದಮೊದಲು ಆರಿಸಲು ನೋಡಿದೆ. ಆಮೇಲೆ ಬಿಟ್ಟೆ. ನೀರು ತಿಳಿಯಾಗಿ ಕೆಳಗೆ ಕೂತದ್ದನ್ನೆಲ್ಲ ದಿಂಬಿನ ಬಟ್ಟೆಯಲ್ಲಿ ಸೋಸಿ ಕಟ್ಟಿದೆ.

ಶುಕ್ರವಾರ ಮಧ್ಯಾಹ್ನ ಉಳಿದದ್ದು ನಿನ್ನ ಕುಂಡ ಒಂದೇ. ಬೇಕೆಂದೇ ಕೊನೆಗಿಟ್ಟಿದ್ದೆ. ತೊಳೆದೆ. ಬೇರಿನ ನಡುವೆ ಒಂದು ಚೂರು ಕಂಡಿತು. ಕಡಲೆಕಾಳಿಗಿಂತ ಚಿಕ್ಕದು, ಬೆಳ್ಳಗೆ, ಸಣ್ಣ ಸಣ್ಣ ತೂತಿನದು. ಅದು ಕಲ್ಲಲ್ಲ, ಮೇವಿಸ್. ಎರಡು ಬೇರು ಅದನ್ನು ಸುತ್ತಿ ಹಿಡಿದಿದ್ದವು, ಒಂದು ಅದರ ತೂತಿನೊಳಗೇ ಹೊಕ್ಕಿತ್ತು. ಎಳೆದೆ. ಬರಲಿಲ್ಲ. ಮೀನಿನ ಮುಳ್ಳು ಕಿತ್ತು ಪಳಗಿದ ಕೈ ನನ್ನದು, ಇದೇನು ಮಹಾ ಎಂದು ಇನ್ನೂ ಎಳೆದೆ. ಬೇರು ಜಗ್ಗಿತು, ಎಲೆಯೆಲ್ಲ ನಡುಗಿದವು, ಬಿಡಲಿಲ್ಲ. ಕತ್ತರಿ ತಂದೆ.

ಕತ್ತರಿ ಹಿಡಿದು ನಿಂತವಳು ಹಾಗೇ ನಿಂತೆ. ಇಷ್ಟು ವಾರ ನಾನು ಏನು ಮಾಡುತ್ತಿದ್ದೆನೆಂದು ಆಗ ಕಂಡಿತು. ಸತ್ತವನನ್ನು ಅವನ ಮನೆಯಿಂದ, ಅವನು ಅಂಟಿಕೊಂಡ ಎಲ್ಲದರಿಂದ ಕಿತ್ತು ಕಿತ್ತು ತೊಟ್ಟಿಗೆ ಹಾಕುತ್ತಿದ್ದೆ. ನೀನು ತಿಳಿಯದೆ ಮಾಡಿದೆ. ನಾನು ತಿಳಿದೂ ತಿಳಿದೂ ಮಾಡಿದೆ. ಕತ್ತರಿಯನ್ನು ಡ್ರಾಯರಿಗೆ ಹಾಕಿ, ಆ ಗಿಡವನ್ನು ಮತ್ತೆ ಕುಂಡದಲ್ಲಿಟ್ಟು, ಹೇಗೆ ಮುಚ್ಚಬೇಕೆಂದು ತಿಳಿಯದೆ ಸುಮ್ಮನೆ ಸುತ್ತ ಮಣ್ಣು ಒತ್ತಿದೆ.

ನಿನ್ನೆ ಬೆಳಿಗ್ಗೆ ದಿಂಬಿನ ಬಟ್ಟೆಯ ಗಂಟನ್ನು ಅಪ್ಪ ಅಮ್ಮನ ಜೊತೆಗಿಟ್ಟೆವು. ಅಮ್ಮನಿಗೆ ಕೊಟ್ಟ ಮಾತು ಅಷ್ಟರಮಟ್ಟಿಗೆ ನಡೆಯಿತು. ಪಾದ್ರಿಯ ಪುಸ್ತಕದ ಹಾಳೆ ಗಾಳಿಗೆ ನಿಲ್ಲಲೇ ಇಲ್ಲ. ಮುಗಿದ ಮೇಲೆ ಕೈ ಕುಲುಕಲು ಬಂದವರೆಲ್ಲ ಅದನ್ನೇ ಕೇಳಿದರು: “ವಿಲ್ಫ್ ಹೆಂಡ್ತಿ ಎಲ್ಲಿ, ಹುಷಾರಿಲ್ವಾ?” ಮೊದಲನೆಯವರಿಗೆ ಹೌದೆಂದೆ. ಎರಡನೆಯವರಿಗೆ ಆಗಲಿಲ್ಲ. “ನಾನೇ ಬರ್ಬೇಡ ಅಂದೆ” ಎಂದೆ, ಎಲ್ಲರಿಗೂ ಕೇಳುವ ಹಾಗೆ. ಎಲ್ಲರೂ ಟೋಪಿ ಹಾಕಿಕೊಂಡು ಇಳಿದು ಹೋದರು. ಬೈದಿದ್ದರೆ ಚೆನ್ನಾಗಿತ್ತು. ನಾಚಿಕೆಯಾಯಿತು, ಮೇವಿಸ್. ಗಂಡನನ್ನು ಮಣ್ಣು ಮಾಡುವ ದಿನ ಹೆಂಡತಿಯನ್ನು ದೂರ ಇಟ್ಟವಳು ನಾನು. ಇದನ್ನು ಸರಿಮಾಡಲು ನನ್ನಿಂದಾಗುವುದಿಲ್ಲ, ಆ ದಿನ ಹೋಯಿತು.

ಗುರುವಾರ ಮಧ್ಯಾಹ್ನದ ರೈಲಿಗೆ ನಿಮ್ಮೂರಿನ ಹತ್ತಿರದ ಸ್ಟ್ರೌಡ್‌ಗೆ ಬರುತ್ತೇನೆ. ತೊಳೆದ ಗೆಡ್ಡೆಗಳನ್ನು ಒದ್ದೆ ಪತ್ರಿಕೆಯಲ್ಲಿ ಸುತ್ತಿ ಬುಟ್ಟಿಗೆ ಹಾಕಿದ್ದೇನೆ. ಎಲೆ ಬಾಡಿವೆ. ಬದುಕಿದರೆ ಅವರವರದ್ದು ಅವರವರಿಗೆ ಹಿಂದಕ್ಕೆ ಕೊಡು. ಚೂರು ಹಿಡಿದುಕೊಂಡಿರುವ ಆ ಒಂದನ್ನು ಮಾತ್ರ ಬುಟ್ಟಿಗೆ ಹಾಕುವುದಿಲ್ಲ, ಮಡಿಲಲ್ಲಿಟ್ಟುಕೊಂಡು ಬರುತ್ತೇನೆ. ಆಗುವುದಾದರೆ ನಿಲ್ದಾಣಕ್ಕೆ ಬಾ. ಬರದಿದ್ದರೂ ನಾನು ನಡೆದುಕೊಂಡು ಬರುತ್ತೇನೆ.

ಅವನನ್ನು ಎಲ್ಲಿಡಬೇಕೆಂದು ನೀನು ಹೇಳು. ನಾನು ಗುಂಡಿ ತೋಡುತ್ತೇನೆ.

ನಿನ್ನ,
ಹೆಸ್ಟರ್